‘ದಿ ಸೋಲೋಯಿಸ್ಟ್’ ಅಮ್ಮನಿಗೆ ತೋರಿಸಬಹುದಾ?

ಪ್ರಶ್ನೆ:
ನಿನ್ನೆ ರಾತ್ರಿ ‘ದಿ ಸೋಲೋಯಿಸ್ಟ್’ (2009) ಸಿನಿಮಾ ನೋಡಿದೆ. ನಥಾನಿಯಲ್ ಏಯರ್ಸ್ ಅವರ ನಿಜ ಕಥೆ. ನ್ಯೂಯಾರ್ಕ್‌ನ ಹೆಸರಾಂತ ಕಲಾಶಾಲೆ ಜೂಲಿಯಾರ್ಡ್‌ನಲ್ಲಿ ಸಂಗೀತ ಕಲಿಯುತ್ತಿದ್ದವರು ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಬಂದು ಓದು ಬಿಟ್ಟರು. 2005ರಲ್ಲಿ ಪತ್ರಕರ್ತ ಸ್ಟೀವ್ ಲೋಪೆಜ್ ಕಣ್ಣಿಗೆ ಬಿದ್ದಾಗ, ಲಾಸ್ ಏಂಜಲಿಸ್ ಬೀದಿಯಲ್ಲಿ ಎರಡೇ ತಂತಿಯ ಪಿಟೀಲು ನುಡಿಸುತ್ತಿದ್ದರು.

ನನ್ನ ತಮ್ಮನಿಗೂ ಅದೇ ಕಾಯಿಲೆ. ಭಜನೆಗೆ ತಬಲಾ ಬಾರಿಸುತ್ತಾನೆ. ಎರಡು ಸಲ ಮನೆ ಬಿಟ್ಟು ಹೋಗಿದ್ದ. ಎರಡನೇ ಸಲ ಹನ್ನೊಂದು ದಿನ ಹುಡುಕಿದ ಮೇಲೆ ಅರಸೀಕೆರೆ ಸ್ಟೇಷನ್‌ನಲ್ಲಿ ಸಿಕ್ಕಿದ. ಬೆಂಚಿನ ಮೇಲೆ ಬೆರಳಲ್ಲೇ ತಾಳ ಹಾಕುತ್ತಾ ಕೂತಿದ್ದ. ಅಮ್ಮ ಈಗಲೂ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗುತ್ತಾರೆ.

ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನಾನೇ ಪಕ್ಕದಲ್ಲಿ ಕೂತು ಹೇಳಬೇಕು. ಕೊನೆಗೂ ಏಯರ್ಸ್‌ಗೆ ಪೂರ್ತಿ ವಾಸಿಯಾಗುವುದಿಲ್ಲ. ಅದನ್ನು ಅಮ್ಮನಿಗೆ ಹೇಗೆ ಹೇಳಲಿ?

ಉತ್ತರ 1:
ತೋರಿಸಿ ಅಕ್ಕಾ. ಜೂಲಿಯಾರ್ಡ್‌ನಲ್ಲಿ ಅವರ ತಲೆಯೊಳಗೆ ದನಿಗಳು ಶುರುವಾಗುತ್ತವಲ್ಲ, ಅಲ್ಲಿ ನೀವು ಏನೂ ಹೇಳಬೇಡಿ, ಸುಮ್ನೆ ಕೇಳಿಸಿಕೊಳ್ಳಲಿ. ನಮ್ಮ ಚಿಕ್ಕಪ್ಪ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಸೊಕ್ಕು ಅಂದುಕೊಂಡಿದ್ದೆವು. ಆ ದೃಶ್ಯ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ.

ಉತ್ತರ 2:
ಒಂದು ಹೊಡೆದಾಟ ಇದೆ. ತಮಗೆ ಸ್ಕಿಜೋಫ್ರೇನಿಯಾ ಅಂತ ಕಾಗದದಲ್ಲಿ ಬರೆದಿರುವುದನ್ನು ನೋಡಿ ಏಯರ್ಸ್ ಸಿಟ್ಟಿಗೆದ್ದು ಲೋಪೆಜ್ ಮೇಲೆ ಬೀಳುತ್ತಾರೆ. ಅಮ್ಮನಿಗೆ ಮೊದಲೇ ಹೇಳಿಬಿಡಿ. ಲಾಸ್ ಏಂಜಲಿಸ್‌ನಲ್ಲಿ ಮನೆಯಿಲ್ಲದವರು ಹೆಚ್ಚಾಗಿ ಇರುವ ಸ್ಕಿಡ್ ರೋ ಪ್ರದೇಶದ ದೃಶ್ಯಗಳಲ್ಲಿ ಅಲ್ಲೇ ಬದುಕುವ ಎಷ್ಟೋ ಜನ ನಟಿಸಿದ್ದಾರೆ, ಅದನ್ನೂ ಹೇಳಿ. ಆ ಮುಖಗಳು ನನಗೆ ಇನ್ನೂ ಮರೆತಿಲ್ಲ.

ಉತ್ತರ 3:
ನಾನು ಮನೋರೋಗ ವಾರ್ಡಿನಲ್ಲಿ ನರ್ಸ್ ಆಗಿದ್ದವಳು. ಸಿನಿಮಾದಲ್ಲಿ ಆಶ್ರಯ ಕೇಂದ್ರ ನಡೆಸುವವನು ಬಲವಂತದಿಂದ ಮಾತ್ರೆ ಕೊಡಿಸಲು ಒಪ್ಪುವುದಿಲ್ಲ. ಅದನ್ನು ನೋಡಿ ‘ಹಾಗಾದರೆ ತಬಲಾ ಒಂದೇ ಸಾಕು’ ಅಂತ ಅಮ್ಮ ಅಂದುಕೊಳ್ಳಬಾರದು. ತಮ್ಮನ ಮಾತ್ರೆ ನಿಲ್ಲಿಸಬೇಡಿ. ಅಮ್ಮನಿಗೂ ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸಬಹುದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ವಾಸಿಯಾಗಲಿಲ್ಲ ಅಂತ ಹೇಳುವ ಬದಲು, ಬೀದಿಯಲ್ಲಿದ್ದವರು ಒಂದು ಕೋಣೆಗೆ ಬಂದರು ಅಂತ ಹೇಳಿ. ಅದೇನು ಸಣ್ಣದಲ್ಲ.

ಪ್ರಶ್ನೆ ಕೇಳಿದವರು:
ಭಾನುವಾರ ತೋರಿಸಿದೆ. ಮೊದಲೇ ಹೇಳಿದ್ದರೂ ಹೊಡೆದಾಟ ಬಂದಾಗ ಅಮ್ಮ ಎದ್ದು ಅಡುಗೆಮನೆಗೆ ಹೋದರು. ನಾನು ನಿಲ್ಲಿಸಿ ಕಾದೆ. ಐದು ನಿಮಿಷಕ್ಕೆ ಬಂದು ಕೂತರು. ಕೋಣೆಯ ವಿಷಯ ಹೇಳಿದಾಗ, “ಒಳಗಿನ ಚಿಲಕ ಅವನೇ ಹಾಕ್ಕೊಳ್ತಾನಾ?” ಅಂತ ಕೇಳಿದರು. ಸಂಗೀತದ ಬಗ್ಗೆ ಏನೂ ಕೇಳಲಿಲ್ಲ.

ಮುಗಿದ ಮೇಲೆ ಒಂದೇ ಮಾತು: “ಅವನ ಒಡಹುಟ್ಟಿದವಳು ಬಂದಳಲ್ಲ, ಆ ಜಾಗ ಇನ್ನೊಂದು ಸಲ ಹಾಕು.”