ಅಪ್ಪಂದಿರು ಕೂಡಿ ನೆನಪಿನ ಕೌದಿ ಹೊಲಿಯುವ ಬಗೆ: ಕೆಲವರ ಅನುಭವ

ಹುಬ್ಬಳ್ಳಿಯಿಂದ ಕೋರಿಕೆ: ನಮ್ಮ ಬಡಾವಣೆಯ ವಾಚನಾಲಯದಲ್ಲಿ ಹನ್ನೆರಡು ಮಂದಿ ಅಪ್ಪಂದಿರು ಸೇರಿ, ಮನೆಯ ನೆನಪುಗಳಿಂದ ಮಕ್ಕಳಿಗಾಗಿ ಏನಾದರೊಂದನ್ನು ಕೈಯಾರೆ ಮಾಡಬೇಕೆಂದು ನಿಶ್ಚಯಿಸಿದ್ದೇವೆ. ಹಳೆಯ ಬಟ್ಟೆ, ಫೋಟೊ, ಪತ್ರಗಳು ಎಲ್ಲರ ಮನೆಯಲ್ಲೂ ಇವೆ. ಚಿತ್ರ ಬರೆಯಬಲ್ಲವರು ಮಾತ್ರ ಒಬ್ಬರೂ ಇಲ್ಲ. ಇಂಥದ್ದನ್ನು ಮಾಡಿದವರು ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಧಾರವಾಡದಿಂದ: ಚಿತ್ರ ಬಾರದಿರುವುದು ಒಂದು ರೀತಿಯಲ್ಲಿ ಅನುಕೂಲವೇ, ಕೌದಿ ಹೊಲಿಯಿರಿ. ಮೂರು ವರ್ಷಗಳ ಹಿಂದೆ ನಮ್ಮ ಓಣಿಯ ಒಂಬತ್ತು ಮಂದಿ ಆರು ಭಾನುವಾರ ಒಟ್ಟಿಗೆ ಕುಳಿತು, ಒಬ್ಬೊಬ್ಬರು ಒಂದೊಂದು ಮೊಳದ ಚೌಕವನ್ನು ಹೊಲಿದೆವು. ಅವ್ವನ ಇಳಕಲ್ ಸೀರೆಯ ಸೆರಗು, ಅಪ್ಪನ ಧೋತರದ ಅಂಚು, ಮಗಳ ಕುಂಚಿಗೆ, ಹೀಗೆ ತಂದ ಯಾವುದನ್ನೂ ಮೊದಲ ದಿನ ಕತ್ತರಿಸಲಿಲ್ಲ. ಒಬ್ಬರು ತಮ್ಮ ಬಟ್ಟೆಯ ಕಥೆಯನ್ನು ಹೇಳುತ್ತಿರುವಾಗ ಪಕ್ಕದವರು ಅದನ್ನು ಬರೆದುಕೊಳ್ಳಬೇಕೆಂಬುದು ನಮ್ಮ ನಿಯಮವಾಗಿತ್ತು, ಏಕೆಂದರೆ ಕತ್ತರಿ ಕೈಗೆ ಬಂದ ಮೇಲೆ ಗಂಡಸರು ಅಳತೆಯ ಮಾತನ್ನಷ್ಟೇ ಆಡುತ್ತಾರೆ (ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ). ಹೊಲಿಗೆ ಕಲಿಸಿದವರು ಓಣಿಯ ಇಬ್ಬರು ಅಜ್ಜಿಯರು. ಹೊಲಿಗೆ ವಕ್ರವಾದರೆ ಅವರು ನಕ್ಕರೇ ಹೊರತು ಬಿಚ್ಚಿಸಲಿಲ್ಲ.

ಎರಡು ಎಚ್ಚರಿಕೆಗಳಿವೆ. ಹತ್ತಿಬಟ್ಟೆ ಕುಗ್ಗುತ್ತದೆ, ಟೆರಿಲಿನ್ ಹೆಚ್ಚೇನೂ ಕುಗ್ಗುವುದಿಲ್ಲ. ಆದ್ದರಿಂದ ಎಲ್ಲವನ್ನೂ ಮೊದಲೇ ಒಗೆದು ಒಣಗಿಸದಿದ್ದರೆ ಕೌದಿ ಮೊದಲ ಒಗೆತಕ್ಕೇ ಸುಕ್ಕುಗಟ್ಟುತ್ತದೆ. ಹಳೆಯ ರೇಷ್ಮೆ ಮಡಿಕೆಯಲ್ಲೇ ಬಿರಿಯುವುದರಿಂದ ಅದಕ್ಕೆ ತೆಳುವಾದ ಹತ್ತಿಯ ಅಸ್ತರು ಕೊಡಬೇಕು. ಇನ್ನೊಂದು ಮಾತು: ಚೌಕವನ್ನು ಮನೆಗೆ ಒಯ್ಯಲು ಬಿಡಬೇಡಿ. ನಮ್ಮಲ್ಲಿ ಎರಡನೆಯ ವಾರ ಮೂರು ಚೌಕಗಳು ಮನೆಗೆ ಹೋಗಿ, ಬಹಳ ಅಂದವಾಗಿ ಮುಗಿದು ಮರಳಿ ಬಂದವು. ಹೊಲಿದವರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

ಆದರೆ ಒಂಬತ್ತು ಚೌಕಗಳನ್ನೂ ಒಂದೇ ಕೌದಿಯಾಗಿ ಜೋಡಿಸಿದ್ದು ತಪ್ಪಾಯಿತೆಂದು ಈಗ ಅನ್ನಿಸುತ್ತದೆ. ಅದು ಸಮುದಾಯ ಭವನದ ಗೋಡೆಯಲ್ಲಿ ತೂಗುತ್ತಿದೆ. ಯಾವ ಮಗುವೂ ಅದನ್ನು ಒಮ್ಮೆಯೂ ಹೊದ್ದಿಲ್ಲ. ಕೂಡಿ ಕುಳಿತು ಹೊಲಿಯಿರಿ, ಹೊಲಿದದ್ದನ್ನು ಮಾತ್ರ ಅವರವರ ಮಕ್ಕಳಿಗೇ ಕೊಡಿ.

ಯಲ್ಲಾಪುರದ ಕಡೆಯಿಂದ: ಮೇಲಿನ ಮಾತಿಗೆ ನನ್ನ ಸಹಮತವಿದೆ. ನಮ್ಮ ಭಾಗದಲ್ಲಿ, ಹಾಗೆಯೇ ಹಳಿಯಾಳ, ಮುಂಡಗೋಡಗಳಲ್ಲಿ, ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯಿಂದ ಹೊಲಿಯುವ ಕವದಿ ಹೊದೆಯುವುದಕ್ಕೇ ಇರುವುದು. ಅವರು ಅಂಚಿನಿಂದ ಆರಂಭಿಸಿ ಸುತ್ತಿಕೊಂಡು ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಮಡಚಿದ ಬಟ್ಟೆಯ ಹೂವನ್ನು ಕೂರಿಸುತ್ತಾರೆ. ಹೊಸಬರಿಗೂ ಅಂಚಿನಿಂದ ಒಳಬರುವ ಕ್ರಮವೇ ಸುಲಭ, ಏಕೆಂದರೆ ಪದರಗಳು ಜಾರದೆ ನಿಲ್ಲುತ್ತವೆ.

ಮೈಸೂರಿನಿಂದ: ಫೋಟೊ ಸೇರಿಸುವುದಾದರೆ ಮೂಲಪ್ರತಿಯನ್ನು ಮುಟ್ಟದೆ, ಮೊದಲು ಸ್ಕ್ಯಾನ್ ಮಾಡಿಸಿಕೊಳ್ಳಿ. ನಾವು ಸೈನೋಟೈಪ್ ವಿಧಾನವನ್ನು ಬಳಸಿದೆವು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಇದಕ್ಕೆ ಕತ್ತಲೆಕೋಣೆಯೂ ಬೇಕಿಲ್ಲ, ಪ್ರಿಂಟಿಂಗ್ ಯಂತ್ರವೂ ಬೇಕಿಲ್ಲ. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸೈನೈಡ್ ದ್ರಾವಣವನ್ನು ಮಂದಬೆಳಕಿನಲ್ಲಿ ಹತ್ತಿಬಟ್ಟೆಗೆ ಬಳಿದು ಒಣಗಿಸಿ, ಪಾರದರ್ಶಕ ಹಾಳೆಯ ನೆಗೆಟಿವನ್ನು ಅದರ ಮೇಲಿಟ್ಟು ಬಿಸಿಲಿಗೆ ಒಡ್ಡಿ, ಬಳಿಕ ನೀರಿನಲ್ಲಿ ಜಾಲಾಡಿಸಿದರೆ ಅಜ್ಜನ ಮುಖ ನೀಲಿಯಲ್ಲಿ ಮೂಡುತ್ತದೆ. ಕೈಗವಸು ಕಡ್ಡಾಯ. ಕ್ಷಾರ ತಾಗಿದರೆ ಈ ನೀಲಿ ಮಾಸುವುದರಿಂದ ಸೋಪಿನ ಪುಡಿಯಲ್ಲಿ ಒಗೆಯುವಂತಿಲ್ಲ. ಹೀಗಾಗಿ ದಿನವೂ ಹೊದೆಯುವ ಕೌದಿಗೆ ಇದು ಸಲ್ಲದು, ಬೇರೆ ಚೌಕಟ್ಟಿಗೆ ಚೆನ್ನ.

ಹಾವೇರಿಯಿಂದ: ಬಟ್ಟೆಯೇ ಉಳಿಯದವರ ಪರವಾಗಿ ಒಂದು ಮಾತು. ತಂದೆಯವರು ತೀರಿಕೊಂಡ ಮೇಲೆ ಅವರ ಅಂಗಿ, ಧೋತರಗಳನ್ನೆಲ್ಲ ದಾನ ಮಾಡಿದ್ದೆವು. ಸತ್ತವರ ಬಟ್ಟೆ ಮನೆಯಲ್ಲಿರಬಾರದೆಂದು ಹಿರಿಯರ ಅಭಿಪ್ರಾಯವಾಗಿತ್ತು. ನಿಮ್ಮ ಗುಂಪಿನಲ್ಲೂ ಅಂಥ ಮನೆಗಳಿರಬಹುದು, ಅವರನ್ನು ಒತ್ತಾಯಿಸಬೇಡಿ. ನನ್ನ ಪಾಲಿಗೆ ದೊರಕಿದ್ದು ಹಿಟ್ಟಿನ ಗಿರಣಿಗೆ ಅವರು ಒಯ್ಯುತ್ತಿದ್ದ ಚೀಲ. ಅದಲುಬದಲಾಗದಿರಲೆಂದು ಅದರ ಮೇಲೆ ತಂದೆಯವರೇ ಬರೆದಿದ್ದ ಹೆಸರಿನ ಮಸಿ ಮಾಸಿತ್ತು. ಅವರ ಕೈಬರಹದ ಗೆರೆಯ ಮೇಲೆಯೇ ಕೆಂಪು ದಾರವನ್ನು ಎಳೆದೆ. ನಾಲ್ಕು ಅಕ್ಷರಗಳಿಗೆ ಎರಡು ಭಾನುವಾರ ಹಿಡಿಯಿತು. ಇಂಥ ಒರಟು ಬಟ್ಟೆಗೆ ದಾರವನ್ನು ಎರಡೆಳೆ ಮಾಡಿಕೊಳ್ಳಿ; ಒಂದೇ ಎಳೆಯಾದರೆ ನೂಲಿನ ನಡುವೆ ಹೂತು ಕಾಣದಾಗುತ್ತದೆ.