ಚುನಾವಣಾ ಅಕ್ರಮದ ಮೊಕದ್ದಮೆ ನಡೆಸುವ ಹೊಣೆ ಯಾರದು?

ಪ್ರಶ್ನೆ (ಶಿವಮೊಗ್ಗ ಜಿಲ್ಲೆಯ ಕೃಷಿಕ):
2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ, ಮತದಾನದ ಹಿಂದಿನ ರಾತ್ರಿ ನಮ್ಮೂರಿನ ಮನೆಗಳಿಗೆ ಸೀರೆ ಮತ್ತು ಹಣ ಹಂಚಿದ್ದರ ಬಗ್ಗೆ ನಾವು ಕೆಲವರು ಲಿಖಿತ ದೂರು ಕೊಟ್ಟೆವು. ಒಂದು ಕಚೇರಿಯವರು ಠಾಣೆಗೆ ಹೋಗಿ ಎಂದರು, ಠಾಣೆಯವರು ನ್ಯಾಯಾಲಯದ ಅನುಮತಿ ಬೇಕೆಂದರು, ಫಲಿತಾಂಶ ಬಂದ ಮೇಲೆ ವಿಚಾರಿಸಿದಾಗ ಆಯೋಗಕ್ಕೆ ಬರೆಯಿರಿ ಎಂಬ ಉತ್ತರ ಸಿಕ್ಕಿತು. ಕಾನೂನಿನ ಪ್ರಕಾರ ಈ ಮೊಕದ್ದಮೆ ಯಾರ ಕೈಯಲ್ಲಿರುತ್ತದೆ?

ಉತ್ತರ 1 (ಶಿವಮೊಗ್ಗದ ವಕೀಲ):
ಅವರು ಹೇಳಿದ ಯಾವುದೂ ಸುಳ್ಳಲ್ಲ, ಆದರೆ ಹೊಣೆ ಮಾತ್ರ ಯಾರ ಹೆಗಲಿಗೂ ಬೀಳಲಿಲ್ಲ. ಸಂವಿಧಾನದ 243ಕೆ ವಿಧಿಯಂತೆ ಪಂಚಾಯಿತಿ ಚುನಾವಣೆಯ ಮೇಲ್ವಿಚಾರಣೆ ಮತ್ತು ನಿಯಂತ್ರಣ ರಾಜ್ಯ ಚುನಾವಣಾ ಆಯೋಗದ್ದು. ತನಿಖೆ ನಡೆಸುವ ಪೊಲೀಸರು ಮತ್ತು ವಾದ ಮಂಡಿಸುವ ಅಭಿಯೋಜಕರು ಮಾತ್ರ ರಾಜ್ಯ ಸರ್ಕಾರದವರು. ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲೂ ಸ್ಥಿತಿ ಹೆಚ್ಚು ಭಿನ್ನವಲ್ಲ: 1951ರ ಜನಪ್ರತಿನಿಧಿ ಕಾಯ್ದೆಯ 28ಎ ಕಲಂ ಪ್ರಕಾರ ಗೊತ್ತುಪಡಿಸಿದ ಪೊಲೀಸರು ಫಲಿತಾಂಶ ಘೋಷಣೆಯವರೆಗೆ ಚುನಾವಣಾ ಆಯೋಗದ ಅಧೀನದಲ್ಲಿರುತ್ತಾರೆ, ಆಮೇಲೆ ಮರಳಿ ಸರ್ಕಾರದ ಅಧೀನಕ್ಕೆ ಬರುತ್ತಾರೆ. ಮೊಕದ್ದಮೆಯ ಬಹುಪಾಲು ನಡೆಯುವುದೇ ಆಮೇಲೆ.

ಇನ್ನು ಅನುಮತಿಯ ವಿಚಾರ. ಮತದಾರರಿಗೆ ಲಂಚ ಕೊಡುವುದು ಅಂದಿನ ದಂಡ ಸಂಹಿತೆಯ 171ಇ, ಈಗಿನ ಭಾರತೀಯ ನ್ಯಾಯ ಸಂಹಿತೆಯ 173ನೇ ಕಲಂ ಅಡಿ ಶಿಕ್ಷಾರ್ಹ, ಆದರೆ ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಠಾಣೆಯಿಂದ ಬಂದ ಕೋರಿಕೆ ಪತ್ರದ ಮೇಲೆ 'ಅನುಮತಿಸಿದೆ' ಎಂಬ ಒಂದೇ ಪದ ಬರೆದು ಸಹಿ ಹಾಕಿದರೆ ಸಾಲದು, ವಿಷಯವನ್ನು ಪರಿಶೀಲಿಸಿದ್ದು ಆದೇಶದಲ್ಲಿ ಕಾಣಬೇಕು ಎಂದು ನಮ್ಮ ಹೈಕೋರ್ಟ್ ಮತ್ತೆ ಮತ್ತೆ ಹೇಳಿದೆ, ಆ ಲೋಪಕ್ಕಾಗಿಯೇ ಪ್ರಕರಣಗಳನ್ನು ರದ್ದುಪಡಿಸಿದೆ. ಹಣ ಹಂಚಿದ್ದು ನಿಜವೋ ಅಲ್ಲವೋ ಎಂಬ ಪ್ರಶ್ನೆ ಅಂಥ ಕಡೆ ವಿಚಾರಣೆಗೇ ಬರುವುದಿಲ್ಲ.

ಉತ್ತರ 2 (ಸಾಗರದ ಕಾನೂನು ವಿದ್ಯಾರ್ಥಿನಿ):
ಇದೇ ತಕರಾರು ಅಮೆರಿಕದ ಟೆಕ್ಸಾಸ್‌ನಲ್ಲಿ ಬೇರೆ ರೂಪದಲ್ಲಿ ಬಂದಿತ್ತು. ಜೆಫರ್ಸನ್ ಕೌಂಟಿಯ (ಜಿಲ್ಲೆಯಂಥ ಆಡಳಿತ ಘಟಕ) ಶೆರಿಫ್, ಅಂದರೆ ಚುನಾಯಿತ ಪೊಲೀಸ್ ಮುಖ್ಯಸ್ಥರೊಬ್ಬರ ಪ್ರಚಾರ ನಿಧಿಯ ಪ್ರಕರಣವನ್ನು ಸ್ಥಳೀಯ ಅಭಿಯೋಜಕರು ಕೈಗೆತ್ತಿಕೊಳ್ಳಲಿಲ್ಲವಾದ್ದರಿಂದ ರಾಜ್ಯದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ತಾವೇ ಮೊಕದ್ದಮೆ ಹೂಡಿದರು. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಅತ್ಯುನ್ನತ ಕ್ರಿಮಿನಲ್ ನ್ಯಾಯಾಲಯ, ಅವರಿಗೆ ಆ ಅಧಿಕಾರ ಕೊಟ್ಟ ಕಾನೂನು ರಾಜ್ಯ ಸಂವಿಧಾನಕ್ಕೆ ವಿರುದ್ಧವೆಂದು 8-1 ಬಹುಮತದಿಂದ ತೀರ್ಪು ನೀಡಿತು. ಬಹುಮತದಲ್ಲಿದ್ದ ಮೂವರು ನ್ಯಾಯಾಧೀಶರು 2024ರ ಮಾರ್ಚ್‌ನಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ತಮ್ಮ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲೇ ಸೋತರು. ಅಲ್ಲಿ ಅಭಿಯೋಜಕರನ್ನೂ ನ್ಯಾಯಾಧೀಶರನ್ನೂ ಜನರೇ ಆರಿಸುತ್ತಾರೆ.

ಆ ಪದ್ಧತಿ ನಮಗೆ ಬೇಕೆಂದು ನಾನು ಹೇಳುವುದಿಲ್ಲ. ಆದರೆ ಮೊಕದ್ದಮೆ ಏಕೆ ಹೂಡಲಿಲ್ಲ ಎಂದು ಕೇಳಲು ಅಲ್ಲಿ ಒಬ್ಬ ವ್ಯಕ್ತಿಯಾದರೂ ಸಿಗುತ್ತಾರೆ. ನಮ್ಮಲ್ಲಿ ಅಭಿಯೋಜಕರು ಸರ್ಕಾರದ ನೇಮಕದವರು, ನ್ಯಾಯಾಲಯ ಒಪ್ಪಿದರೆ ಅವರು ಪ್ರಕರಣವನ್ನು ಹಿಂಪಡೆಯಲೂಬಹುದು. ಶಾಸಕರು, ಸಂಸದರ ಮೇಲಿನ ಪ್ರಕರಣಗಳಿಗಾದರೆ ಹೈಕೋರ್ಟಿನ ಒಪ್ಪಿಗೆಯೂ ಬೇಕೆಂದು 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪಂಚಾಯಿತಿ ಸದಸ್ಯರ ಪ್ರಕರಣಗಳಿಗೆ ಆ ಕಾವಲು ಇಲ್ಲ. ಊರಿನ ಚುನಾವಣೆಯೇ ಮೊದಲು ಕೆಡುವುದರಿಂದ ಇದು ನನಗೆ ತೀರಾ ಅನ್ಯಾಯವೆನಿಸುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಮುಂದಿನ ಸಲ ನಾವು ಠಾಣೆಯ ಬಾಗಿಲಲ್ಲಿ ಕಾಯದೆ ಏನಾದರೂ ಮಾಡಲು ಸಾಧ್ಯವೇ?

ಉತ್ತರ 1ರ ವಕೀಲ:
ಸಾಧ್ಯ. ಲಂಚದ ಅಪರಾಧಕ್ಕೆ ಅಧಿಕಾರಿಯೇ ದೂರುದಾರರಾಗಬೇಕೆಂಬ ನಿರ್ಬಂಧವಿಲ್ಲ. ಆದ್ದರಿಂದ ಸಾಮಾನ್ಯ ಮತದಾರರೂ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಸಲ್ಲಿಸಬಹುದು. ಯಾರು, ಯಾವ ಮನೆಯಲ್ಲಿ, ಎಷ್ಟು ಹೊತ್ತಿಗೆ, ಯಾರಿಗೆ ಕೊಟ್ಟರು ಎಂಬುದನ್ನು ಅಂದೇ ಬರೆದಿಡಿ ಮತ್ತು ಪ್ರಮಾಣ ಮಾಡಿ ಸಾಕ್ಷಿ ಹೇಳಲು ಸಿದ್ಧರಿರುವವರನ್ನು ಮೊದಲೇ ಒಪ್ಪಿಸಿಕೊಳ್ಳಿ. ಈ ಅಪರಾಧಕ್ಕೆ ಗರಿಷ್ಠ ಶಿಕ್ಷೆ 1 ವರ್ಷವಾದ್ದರಿಂದ ನ್ಯಾಯಾಲಯಕ್ಕೆ ಹೋಗಲು ಇರುವ ಕಾಲಮಿತಿಯೂ 1 ವರ್ಷ. ಕಚೇರಿಗಳ ಪತ್ರವ್ಯವಹಾರದಲ್ಲಿ ಆ ಅವಧಿ ಮುಗಿಯಲು ಬಿಡಬೇಡಿ.