ಮಳೆಗಾಲದಲ್ಲಿ ಹಲಸಿನ ಹಪ್ಪಳ ಕಟ್ಟಿ ಕಳಿಸಲು ಪ್ಲಾಸ್ಟಿಕ್ ಬಿಟ್ಟು ಏನಿದೆ?

ಹೊಸನಗರದ ಕಡೆಯವಳು:
ನಮಸ್ಕಾರ. ಮನೆಯಲ್ಲೇ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ಅರ್ಧ ಗಿರಾಕಿಗಳು ಶಿವಮೊಗ್ಗದವರು, ಅವರಿಗೆ ಬಸ್ಸಿಗೆ ಹಾಕುತ್ತೇನೆ. ಉಳಿದದ್ದು ಬೆಂಗಳೂರಿಗೆ ಕೊರಿಯರ್.

ಹಪ್ಪಳ ಒಣಗಿಸುವುದು ಬೇಸಿಗೆಯಲ್ಲಿ, ಖರ್ಚಾಗುವುದು ಮಳೆಗಾಲದಲ್ಲಿ. ಆರಿದ್ರಾ ಮಳೆ ಹಿಡಿದರೆ ನಮ್ಮಲ್ಲಿ ಬೆಂಕಿಪೊಟ್ಟಣವೂ ಹಸಿಯಾಗುತ್ತದೆ. ಬರೀ ಕಾಗದದ ಕವರಿನಲ್ಲಿ ಇಟ್ಟು ನೋಡಿದೆ. ವಾರದೊಳಗೆ ಅಂಚು ಮೆತ್ತಗಾಯಿತು, ಒಂದಕ್ಕೊಂದು ಅಂಟಿಕೊಂಡವು, ಆಮೇಲೆ ಬಿಳಿ ಬೂಷ್ಟು.

ಹಾಗಂತ ಪ್ಲಾಸ್ಟಿಕ್ ಕವರ್ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಹಳ್ಳಿ ಮನೆಗಳಲ್ಲಿ ಖಾಲಿ ಕವರು ಎಲ್ಲಿಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು, ಸೀದಾ ಬಚ್ಚಲ ಒಲೆಗೆ. ಆ ಹೊಗೆ ಕುಡಿಯುವುದು ನಮ್ಮ ಮಕ್ಕಳೇ ಅಲ್ವಾ? ಅಂಗಡಿಯಲ್ಲಿ ಕಂದು ಬಣ್ಣದ ಕಾಗದದ ಪೌಚ್, ಮಣ್ಣಲ್ಲಿ ಕರಗುವ ಕವರ್ ಎಲ್ಲ ತೋರಿಸುತ್ತಾರೆ. ನಂಬಬಹುದಾ? ಅಡಿಕೆ ಹಾಳೆಯ ಡಬ್ಬ ಆಗುತ್ತದಾ?

ಸಾಗರ, ಹಾಳೆ ತಟ್ಟೆ ಮಾಡುವವನು:
ಅಕ್ಕಾ, ಹಾಳೆ ಊಟಕ್ಕೆ ಸೈ, ಹಪ್ಪಳ ತುಂಬಿಡುವುದಕ್ಕೆ ಅಲ್ಲ. ನಾವು ಹಾಳೆ ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತುತ್ತೇವೆ, ಬೇರೇನೂ ಸೇರಿಸುವುದಿಲ್ಲ. ಹಾಗಾಗಿ ಅದು ತೇವ ಎಳೆಯುತ್ತದೆ. ಮಳೆಗಾಲದಲ್ಲಿ ತಟ್ಟೆಗೇ ಬೂಷ್ಟು ಬಾರದಂತೆ ಕಾಯಬೇಕು.

ಶಿವಮೊಗ್ಗ, ಪ್ಯಾಕಿಂಗ್ ಸಾಮಾನಿನ ವ್ಯಾಪಾರ:
ಆ ಕಂದು ಪೌಚಿನ ಒಂದು ತುಂಡು ಹರಿದು ರಾತ್ರಿ ನೀರಿಗೆ ಹಾಕಿಡಿ. ಬೆಳಿಗ್ಗೆ ಉಜ್ಜಿದರೆ ಕಾಗದ ಮುದ್ದೆಯಾಗಿ ಬಿಟ್ಟುಬರುತ್ತದೆ, ಒಳಗಿನ ತೆಳು ಪ್ಲಾಸ್ಟಿಕ್ ಕೈಯಲ್ಲೇ ಉಳಿಯುತ್ತದೆ. ಇಂಥದ್ದನ್ನು ರದ್ದಿ ಪೇಪರಿನವರೂ ಒಯ್ಯುವುದಿಲ್ಲ, ಪ್ಲಾಸ್ಟಿಕ್ ಕೊಳ್ಳುವವರೂ ಒಯ್ಯುವುದಿಲ್ಲ. ಒಳಗೆ ಬೆಳ್ಳಿ ಬಣ್ಣ ಇರುವ ಪೌಚಿನದ್ದೂ ಇದೇ ಕಥೆ. ನನ್ನ ಅಂಗಡಿಯಲ್ಲಿ ಇವೇ ಜಾಸ್ತಿ ಹೋಗುತ್ತವೆ, ಆದರೂ ನಿಮಗೆ ಬೇಡ ಅಂತಲೇ ಹೇಳುತ್ತೇನೆ.

ಕರಗುವ ಕವರ್ ಕೊಳ್ಳುವುದಾದರೆ ಐಎಸ್ 17088 (ಗೊಬ್ಬರವಾಗಿ ಕರಗುವ ಪ್ಲಾಸ್ಟಿಕ್ಕಿನ ಭಾರತೀಯ ಮಾನದಂಡ) ಗುರುತು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಎರಡನ್ನೂ ಕೇಳಿ. ಇದ್ದರೂ ಅವುಗಳಲ್ಲಿ ಹೆಚ್ಚಿನವು ಕರಗುವುದು ಸುಮಾರು 60 ಡಿಗ್ರಿ ಕಾವಿನ ದೊಡ್ಡ ಗೊಬ್ಬರದ ಘಟಕದಲ್ಲಿ. ಮಳೆ ನೀರು ನಿಂತ ನಮ್ಮ ಗೊಬ್ಬರಗುಂಡಿಯಲ್ಲಿ ಅಷ್ಟು ಕಾವು ಎಲ್ಲಿಂದ ಬರಬೇಕು? ತೇವ ತಡೆಯುವ ಶಕ್ತಿಯೂ ಕಡಿಮೆ.

ಬೆಂಗಳೂರಿನ ಪಾರ್ಸಲ್ಲಿಗೆ ಪ್ಲಾಸ್ಟಿಕ್ ಪೂರ್ತಿ ಬಿಡುವುದು ಸದ್ಯಕ್ಕೆ ಕಷ್ಟ. ಒಂದೇ ಜಾತಿಯದ್ದನ್ನು ಬಳಸಿ. ತ್ರಿಕೋನದೊಳಗೆ 5 ಅಂತ ಇರುವ ದಪ್ಪ ಕವರ್ ಸಾಕು, ಅದು ಪಾಲಿಪ್ರೊಪಿಲೀನ್. ಹೆಸರಿನ ಚೀಟಿ ಅಂಟಿಸಬೇಡಿ, ದಾರದಲ್ಲಿ ಕಟ್ಟಿ. 25 ಹಪ್ಪಳದ ನಾಲ್ಕು ಕಟ್ಟಿನ ಬದಲು 100ರ ಒಂದೇ ಕಟ್ಟು ಮಾಡಿದರೆ ಪ್ಲಾಸ್ಟಿಕ್ ಅಲ್ಲೇ ಎಷ್ಟೋ ಉಳಿಯುತ್ತದೆ. ಕೊಡುವಾಗ ಮೇಲೊಂದು ಕ್ಯಾರಿ ಬ್ಯಾಗ್ ಹಾಕಬೇಡಿ, ಕರ್ನಾಟಕದಲ್ಲಿ ಅದಕ್ಕೆ 2016ರಿಂದಲೇ ನಿಷೇಧ ಇದೆ.

ವಿನೋಬನಗರ, ಶಿವಮೊಗ್ಗ:
ನಮಗೆ ಕವರೇ ಬೇಡ ಅಕ್ಕಾ. ತೀರ್ಥಹಳ್ಳಿಯ ನಮ್ಮ ಅತ್ತಿಗೆ ಸ್ಟೀಲ್ ಡಬ್ಬದಲ್ಲಿ ಹಪ್ಪಳ ತುಂಬಿ, ಮುಚ್ಚಳದ ಸುತ್ತ ಬಟ್ಟೆ ಪಟ್ಟಿ ಬಿಗಿದು ಬಸ್ಸಿಗೆ ಹಾಕುತ್ತಾರೆ. ಖಾಲಿ ಡಬ್ಬ ಅದೇ ಬಸ್ಸಿನಲ್ಲಿ ವಾಪಸ್. ಡಬ್ಬದ ದುಡ್ಡು ಮುಂಗಡ ಇಟ್ಟುಕೊಳ್ಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಉಪ್ಪಿನಕಾಯಿಗೆ ಗಾಜಿನ ಬಾಟ್ಲಿಯೇ ಇರಲಿ. ರಟ್ಟಿನ ಡಬ್ಬದೊಳಗೆ ಗುಳ್ಳೆ ಪ್ಲಾಸ್ಟಿಕ್ ಬದಲು ಒಣಗಿದ ಬಾಳೆ ಎಲೆ ಒತ್ತಿ ತುಂಬಿ. ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ವಾಸನೆ.

ಹೊಸನಗರದ ಕಡೆಯವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಿವಮೊಗ್ಗಕ್ಕೆ ಡಬ್ಬ, ಬೆಂಗಳೂರಿಗೆ 100ರ ಕಟ್ಟು ಅಂತ ಮಾಡುತ್ತೇನೆ. ಕಟ್ಟಿನೊಳಗೆ "ಕವರ್ ಸುಡಬೇಡಿ, ತೊಳೆದು ಒಣ ಕಸಕ್ಕೆ ಕೊಡಿ" ಅಂತ ಚೀಟಿಯೂ ಇಡುತ್ತೇನೆ. ಬಾಳೆ ಎಲೆಯನ್ನು ಹಪ್ಪಳದ ಜೊತೆಗೇ ಅಂಗಳದಲ್ಲಿ ಒಣಗಿಸಿ, ಅಟ್ಟದಲ್ಲಿ ಇಟ್ಟುಕೊಳ್ಳಬಹುದಾ?

ವಿನೋಬನಗರ, ಶಿವಮೊಗ್ಗ:
ಅಟ್ಟವೇ ಒಳ್ಳೆಯದು, ಒಲೆಯ ಮೇಲಿನ ಅಟ್ಟವಾದರೆ ಇನ್ನೂ ಒಳ್ಳೆಯದು. ಗೋಣಿಚೀಲದಲ್ಲಿ ಸಡಿಲವಾಗಿ ತುಂಬಿಡಿ.